ಮಾಗಿಯ ಮುಂಜಾವು ಮತ್ತು ಮೊಂಡು ಗೇರು

ಬೆಂಗಳೂರಿನ ಚಳಿಯನ್ನು ಉತ್ತರದೇಶದವರು ಚಳಿಯೆಂದೇ ಎಣಿಸುವುದಿಲ್ಲ. 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೇ ಈ ನಗರದ ಕನಿಷ್ಠವಾಗಿ ಇಂದಿಗೂ ಉಳಿದಿದೆ. ಆದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಧನುರ್ಮಾಸದ ಮುಂಜಾವು ಮನುಷ್ಯರ ಬೆರಳುಗಳನ್ನಷ್ಟೇ ಅಲ್ಲದೆ ಯಂತ್ರಗಳ ಒಡಲನ್ನೂ ಬಿಗಿಗೊಳಿಸಬಲ್ಲದು.

ನೆಲಮಂಗಲದಿಂದ ಪೀಣ್ಯದ ಕಾರ್ಖಾನೆಯೊಂದಕ್ಕೆ ಮೊದಲ ಪಾಳಿಯ ಕೆಲಸಗಾರರನ್ನು ಕರೆತರುವ ಮಿನಿ ಬಸ್ಸಿನ ಚಾಲಕರೊಬ್ಬರು ಇದನ್ನು ಅನುಭವದಿಂದ ಬಲ್ಲರು. ಒಂದು ಮಾಗಿಯಲ್ಲಿ ಅವರ ಬಸ್ಸಿನ ಗೇರ್ ಎಣ್ಣೆಯನ್ನು ಬದಲಿಸಲಾಯಿತು. ಮರುದಿನ ಬೆಳಗಿನ ಐದು ಗಂಟೆಗೆ ಹೊರಟಾಗ ಎರಡನೆಯ ಗೇರು ಬೀಳಲೊಲ್ಲದು. ಕ್ಲಚ್ಚನ್ನು ಪೂರ್ತಿ ಒತ್ತಿದರೂ ಕೆಸರಿನಲ್ಲಿ ಕೋಲಾಡಿಸಿದಂತೆ ಕೈಗೆ ಭಾರ. ಮಾದಾವರ ದಾಟುವ ಹೊತ್ತಿಗೆ ಅದೇ ಗೇರು ತಾನಾಗಿಯೇ ಸಲೀಸಾಗುತ್ತಿತ್ತು. ಎಣ್ಣೆ ಬದಲಿಸಿದ ಗ್ಯಾರೇಜಿನಲ್ಲಿ ದೊರೆತ ಉತ್ತರ: “ಹೊಸ ಎಣ್ಣೆ ಅಣ್ಣಾ, ನಾಲ್ಕು ದಿನ ಓಡಿಸಿ, ಸರಿಹೋಗುತ್ತೆ.” ಹತ್ತು ದಿನ ಕಳೆದರೂ ಸರಿಹೋಗಲಿಲ್ಲ. ಇತ್ತ ಬಸ್ಸಿನ ಯಜಮಾನರಿಗೆ ಚಾಲಕರ ಕೈಯ ಮೇಲೆಯೇ ಸಂಶಯ. ಗೇರುಪೆಟ್ಟಿಗೆಯನ್ನು ಬಿಚ್ಚಿಸಬೇಕಾದರೆ ಅದರ ಖರ್ಚನ್ನು ಸಂಬಳದಲ್ಲಿ ಹಿಡಿಯುವ ಮಾತೂ ಬಂದಿತು. ಇಪ್ಪತ್ತು ವರ್ಷ ವಾಹನ ನಡೆಸಿದವರಿಗೆ ಆ ಮಾತು ಚಳಿಗಿಂತ ಹೆಚ್ಚು ಕೊರೆಯಿತು.

ಪೆಟ್ಟಿಗೆಯೊಳಗೆ ನಡೆಯುವುದಾದರೂ ಏನು? ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳು ಕೂಡುವ ಮೊದಲು ಅವುಗಳ ವೇಗ ಸಮವಾಗಬೇಕು. 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ ಮೊದಲು ಬಂದ ಸಿಂಕ್ರೊಮೆಷ್ ಏರ್ಪಾಡು ಈ ಕೆಲಸಕ್ಕಾಗಿಯೇ ಹುಟ್ಟಿದುದು. ಅದರಲ್ಲಿ ಸಾಮಾನ್ಯವಾಗಿ ಹಿತ್ತಾಳೆಯದಾದ ಪುಟ್ಟ ಉಂಗುರವೊಂದು ಶಂಕುವಿನಾಕಾರದ ಉಕ್ಕಿನ ಮೈಯನ್ನು ಉಜ್ಜಿ ಹಿಡಿದು, ವೇಗವನ್ನು ಸರಿದೂಗಿಸಿ, ಆಮೇಲೆ ಹಲ್ಲುಗಳಿಗೆ ದಾರಿ ಬಿಡುತ್ತದೆ. ಹಿಡಿತ ಸಿಗಬೇಕಾದರೆ ನಡುವಣ ಎಣ್ಣೆಯ ಪದರವನ್ನು ಅದು ಹಿಂಡಿ ಸರಿಸಬೇಕು. ಚಳಿಯಲ್ಲಿ ಎಣ್ಣೆಯ ಸ್ನಿಗ್ಧತೆ ಏರುವುದರಿಂದ ಪದರವು ಬೇಗ ಸರಿಯದು. ಚಾಲಕನ ಕೈಗೆ ಅದೇ ಮೊಂಡುತನವಾಗಿ ತೋರುತ್ತದೆ. ಎಂಜಿನ್ನಿನಲ್ಲಿರುವಂತೆ ಇಲ್ಲಿ ಉರಿಯುವ ಇಂಧನವಿಲ್ಲ. ಹಲ್ಲುಚಕ್ರಗಳು ಎಣ್ಣೆಯನ್ನು ಕಡೆದೇ ಅದು ಬಿಸಿಯಾಗಬೇಕಾದುದರಿಂದ, ನಿಂತಲ್ಲೇ ಎಂಜಿನ್ ಓಡಿಸಿದರೆ ಫಲ ಅಲ್ಪ. ನಿಧಾನವಾಗಿ ಕೆಲವು ಕಿಲೋಮೀಟರು ಸಾಗುವುದೇ ಉಪಾಯ.

ಕಡೆಗೆ ಬಸ್ಸನ್ನು ನೋಡಿದ ಪೀಣ್ಯದ ಹಿರಿಯ ಮೇಸ್ತ್ರಿಯೊಬ್ಬರು ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಅವರು ಕೇಳಿದ್ದು ಎಣ್ಣೆಯ ಡಬ್ಬವನ್ನು. ಅದರ ಮೇಲೆ ಎಸ್.ಎ.ಇ. 140 ಎಂದಿತ್ತು, ವಾಹನದ ಕೈಪಿಡಿ ಹೇಳಿದ್ದು 80ಡಬ್ಲ್ಯೂ-90. ಎಣ್ಣೆ ಮಂದವಾದಷ್ಟೂ ಗೇರಿಗೆ ರಕ್ಷಣೆ ಹೆಚ್ಚೆಂಬ ಹಳೆಯ ನಂಬಿಕೆಯೇ ಇದಕ್ಕೆಲ್ಲ ಮೂಲ. 80ಡಬ್ಲ್ಯೂ ಗುರುತಿನ ಎಣ್ಣೆಯು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೂ ನಿಗದಿತ ಮಿತಿಯನ್ನು ಮೀರಿ ಗಟ್ಟಿಯಾಗಬಾರದೆಂಬುದು ಎಸ್.ಎ.ಇ. ಮಾನಕ. ಬೆಂಗಳೂರಿನ ಚಳಿ ಅದರ ಹತ್ತಿರವೂ ಸುಳಿಯದು. ಆದುದರಿಂದ ಎಣ್ಣೆ ಬದಲಿಸಿದ ಮರುದಿನವೇ ಇಲ್ಲಿ ಗೇರು ಮೊಂಡಾದರೆ, ಚಾಲಕನ ಕೈಗಿಂತ ಮೊದಲು ಡಬ್ಬದ ಚೀಟಿಯನ್ನು ಪರೀಕ್ಷಿಸುವುದು ನ್ಯಾಯ. ಸರಿಯಾದ ಎಣ್ಣೆ ತುಂಬಿದ ಮೇಲೆ ಬಸ್ಸು ಮೊದಲಿನಂತಾಯಿತು; ಸಂಬಳದ ಮಾತು ಮತ್ತೆ ಬರಲಿಲ್ಲ.

ಆದರೆ ಸ್ನಿಗ್ಧತೆಯ ಅಂಕಿಯೊಂದೇ ಸಾಲದು. ಡಬ್ಬದ ಮೇಲಿನ ಜಿ.ಎಲ್.-4, ಜಿ.ಎಲ್.-5 ಎಂಬ ಗುರುತುಗಳನ್ನೂ ಗಮನಿಸಬೇಕು. ಹೆಚ್ಚಾಗಿ ಹಿಂಬದಿಯ ಡಿಫರೆನ್ಷಿಯಲ್ಲಿಗೆ ಬಳಸುವ ಜಿ.ಎಲ್.-5 ಎಣ್ಣೆಯಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳು ಹೆಚ್ಚು. ಜಿ.ಎಲ್.-4 ಕೇಳುವ ಪೆಟ್ಟಿಗೆಗೆ ಅದನ್ನು ಹಾಕಿದರೆ ಉಂಗುರದ ಹಿಡಿತ ತಗ್ಗಬಹುದು, ಹಿತ್ತಾಳೆಯೂ ಸವೆಯಬಹುದು. ಬಿಸಿಯಾದ ಮೇಲೂ ಬಿಗಿ ಹೋಗದಿದ್ದರೆ ಎಣ್ಣೆಯ ಮಟ್ಟವನ್ನೂ ಕ್ಲಚ್ಚನ್ನೂ ನೋಡಿಸಬೇಕು. ಬಲವಂತದಿಂದ ಗೇರನ್ನು ತಳ್ಳುವುದು ಮಾತ್ರ ಪರಿಹಾರವಲ್ಲ. ಅದರಿಂದ ಸವೆಯುವುದು ಆ ಪುಟ್ಟ ಉಂಗುರವೇ.

ಶಾಲೆಯ ವಾಹನವಾಗಲಿ ಕಾರ್ಖಾನೆಯದಾಗಲಿ, ಎಣ್ಣೆ ಬದಲಿಸಿದ ದಿನ ಅದರ ಗುರುತನ್ನೂ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದಿಡುವುದು ನಿಮಿಷದ ಕೆಲಸ. ದುಡಿಯುವವನೊಬ್ಬನ ಮರ್ಯಾದೆಯನ್ನು ಆ ಚೀಟಿ ಉಳಿಸೀತು.