ಕೌಂಡಿನ್ಯ ಎಂಬ ಜರ್ಮನ್ ಮನೆತನದ ಹೆಸರು



ಈ ಸ್ಮರಣ ಸಂಚಿಕೆಯ ಕೊನೆಯಲ್ಲಿ ನಮ್ಮ ಪಾಠಶಾಲೆಯಿಂದ ಕಲಿತು ಹೊರಟವರೆಲ್ಲರ ಪಟ್ಟಿಯನ್ನು ಅಚ್ಚುಮಾಡಿಸಬೇಕೆಂದು ನಿಶ್ಚಯವಾದಾಗ, ಅದು ಹದಿನೈದು ದಿನಗಳಲ್ಲಿ ಮುಗಿಯುವ ಕೆಲಸವೆಂದು ನಾವು ಭಾವಿಸಿದ್ದೆವು. ದಾಖಲೆ ಪುಸ್ತಕಗಳೆಲ್ಲಾ ಕಪಾಟಿನಲ್ಲಿ ಭದ್ರವಾಗಿದ್ದವು, ಅಕ್ಷರಗಳೂ ಮಾಸಿರಲಿಲ್ಲ. ಆದಾಗ್ಯೂ ಕೆಲಸವು ಸಾಗಲಿಲ್ಲ. ಯಾಕಂದರೆ ಪುಸ್ತಕದಲ್ಲಿದ್ದ ಹುಡುಗಿಯು ಒಂದು ಹೆಸರಿನವಳು, ಈಗ ಸಂಸಾರ ನಡಿಸುತ್ತಿರುವ ಗೃಹಿಣಿಯು ಇನ್ನೊಂದು ಹೆಸರಿನವಳು. ಇವರಿಬ್ಬರೂ ಒಬ್ಬಳೇ ಎಂದು ಹೇಳುವ ಸಾಕ್ಷಿಯು ಎಲ್ಲಿಯೂ ಇರಲಿಲ್ಲ. ಹೀಗೆ ಸಿಕ್ಕದೆ ಹೋದವರ ಹೆಸರುಗಳ ಮುಂದೆ ನಾವು ಕೆಂಪು ಮಸಿಯಲ್ಲಿ “ಪತ್ತೆಯಿಲ್ಲ” ಎಂದು ಬರೆಯುತ್ತಾ ಹೋದೆವು.

ಒಂದು ಸಾಯಂಕಾಲ ನರೆತ ಕೂದಲಿನ ತಾಯಿಯೊಬ್ಬರು ಮೊಮ್ಮಗನ ಕೈ ಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. “ಅಕ್ಕನವರೇ, ನಾನೂ ಇಲ್ಲಿಯೇ ಓದಿದವಳು. ಪಟ್ಟಿಯಲ್ಲಿ ನನ್ನ ಹೆಸರು ಬರುತ್ತದೋ ಇಲ್ಲವೋ ನೋಡಿರಿ” ಎಂದರು. ಅವರು ಹೇಳಿದ ಹೆಸರು ಯಾವ ಪುಸ್ತಕದಲ್ಲಿಯೂ ಸಿಕ್ಕಲಿಲ್ಲ. “ಅಮ್ಮಾ, ಮದುವೆಗೆ ಮುಂಚೆ ನಿಮ್ಮ ಮನೆತನದ ಹೆಸರು ಏನಿತ್ತು?” ಎಂದು ಕೇಳಿದೆವು. ಅವರು ಕ್ಷಣಕಾಲ ಸುಮ್ಮನಿದ್ದು, ಅನಂತರ ಮೆಲ್ಲನೆ ಆ ಹೆಸರನ್ನು ಹೇಳಿ, “ಇದನ್ನು ಬಾಯಿಬಿಟ್ಟು ಹೇಳಿ ಐವತ್ತು ವರುಷಗಳ ಮೇಲಾಯಿತು” ಎಂದರು. ಆ ಹೆಸರು ಪುಸ್ತಕದಲ್ಲಿತ್ತು. ಅದರ ಮುಂದೆ ನಮ್ಮದೇ ಕೈಯ ಕೆಂಪು ಮಸಿಯೂ ಇತ್ತು. ನಮಗೆ ಬಹಳ ನಾಚಿಕೆಯಾಯಿತು.

ಅದೇ ವಾರದಲ್ಲಿ ಒಂಭತ್ತನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಭಂಡಾರದಲ್ಲಿದ್ದ ದೊಡ್ಡ ನಿಘಂಟನ್ನು ತೋರಿಸಿ, “ಕಿಟ್ಟೆಲ್ ಎಂದರೆ ಅರ್ಥವೇನು, ಅಕ್ಕನವರೇ?” ಎಂದು ಕೇಳಿದಳು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕನ್ನಡ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿಗೆ ಅರ್ಥ ಕೊಟ್ಟ ಫರ್ಡಿನಾಂಡ್ ಕಿಟ್ಟೆಲರ ಸ್ವಂತ ಹೆಸರಿಗೆ ಅರ್ಥವೇನೆಂದು ನಾವು ಅದುವರೆಗೆ ವಿಚಾರಿಸಿರಲಿಲ್ಲ. ಹೆಸರುಗಳ ವಿಷಯವು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ ಈ ಪ್ರಶ್ನೆಯನ್ನು ಹಿಡಿದು ಓದತೊಡಗಿದೆವು. ಆ ಓದಿನ ಫಲವೇ ಈ ಲೇಖನವು.

ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ಕೆಲಸ ಮಾಡುವವರು ಮೇಲೆ ತೊಡುವ ಸಡಿಲವಾದ ನಿಲುವಂಗಿ. ಅಂಥ ಅಂಗಿಯನ್ನು ಹೊಲಿಯುವವನಿಗೋ ಯಾವಾಗಲೂ ತೊಡುವವನಿಗೋ ನೆರೆಹೊರೆಯವರು ಇಟ್ಟ ಹೆಸರು ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡಿತು. ಜರ್ಮನರ ಮನೆತನದ ಹೆಸರುಗಳು ಸಾಮಾನ್ಯವಾಗಿ ಹೀಗೆಯೇ ಹುಟ್ಟಿದವು. ಕೆಲವು ಕಸಬಿನಿಂದ ಬಂದವು: ಮ್ಯುಲ್ಲರ್ ಎಂದರೆ ಹಿಟ್ಟು ಬೀಸುವ ಗಿರಣಿಯವನು, ಶ್ಮಿಟ್ ಎಂದರೆ ಕಮ್ಮಾರ, ಝೀಗ್ಲರ್ ಎಂದರೆ ಹಂಚು ಇಟ್ಟಿಗೆಗಳನ್ನು ಸುಡುವವನು. ಕೆಲವು ರೂಪಗುಣಗಳಿಂದ ಬಂದವು: ಕ್ಲೈನ್ ಎಂದರೆ ಗಿಡ್ಡ, ಬ್ರೌನ್ ಎಂದರೆ ಕಂದುಬಣ್ಣದವನು. ಕೆಲವು ಊರುಸೀಮೆಗಳಿಂದ ಬಂದವು. ಇದು ಧಾರವಾಡದ ಕಡೆಯ ಅಡ್ಡಹೆಸರುಗಳನ್ನು ಬಲ್ಲವರಿಗೆ ಹೊಸದಲ್ಲ. ಇನ್ನು ಕೆಲವು ಪೂರ್ವಿಕನೊಬ್ಬನ ಹೆಸರುಗಳೇ ಆಗಿವೆ: ರೈನ್‌ಹಾರ್ಟ್ ಎಂಬದರಲ್ಲಿ ಆಲೋಚನೆ, ಬಲ ಎಂಬ ಅರ್ಥವುಳ್ಳ ಎರಡು ಪುರಾತನ ಶಬ್ದಗಳು ಕೂಡಿವೆ.

ಇವೆಲ್ಲವೂ ಒಮ್ಮೆಗೇ ಸ್ಥಿರವಾದವುಗಳಲ್ಲ. ಕಿಟ್ಟೆಲರು 1832ರಲ್ಲಿ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಬಹುಮಂದಿ ಜನರು, ನಮ್ಮವರು ತಂದೆಯ ಹೆಸರಿನ ಮೊದಲಕ್ಷರವನ್ನು ಬರೆಯುವಂತೆಯೇ, ತಂದೆಯ ಹೆಸರನ್ನೇ ತಮ್ಮ ಹೆಸರಿನೊಂದಿಗೆ ಸೇರಿಸಿಕೊಳ್ಳುತ್ತಿದ್ದರು. ಆದಕಾರಣ ತಲೆಮಾರಿಗೊಮ್ಮೆ ಹೆಸರು ಬದಲಾಗುತ್ತಿತ್ತು. ಆ ಸೀಮೆಯು ನೆಪೋಲಿಯನ್ನನ ಕೈಕೆಳಗಿದ್ದಾಗ, 1811ರಲ್ಲಿ, ಪ್ರತಿ ಮನೆಯವರೂ ಒಂದೇ ಸ್ಥಿರವಾದ ಹೆಸರನ್ನು ಹಿಡಿಯಬೇಕೆಂಬ ಆಜ್ಞೆಯು ಹೊರಟಿತು. 1876ರಿಂದ ಜರ್ಮನ್ ಸಾಮ್ರಾಜ್ಯದಲ್ಲೆಲ್ಲಾ ಜನನ ವಿವಾಹ ಮರಣಗಳನ್ನು ಸರಕಾರಿ ಕಚೇರಿಯಲ್ಲಿ ಬರೆಯಿಸುವ ಪದ್ಧತಿ ಬಂದು, ಹೆಸರಿನ ಕಾಗುಣಿತವೂ ಗಟ್ಟಿಯಾಯಿತು.

ಇಷ್ಟನ್ನು ಓದುತ್ತಿರುವಾಗ, ಜರ್ಮನ್ ಮನೆತನಗಳ ಹೆಸರುಗಳ ನಡುವೆ ನಮಗೆ ಬಹು ಪರಿಚಿತವಾದ ಒಂದು ಹೆಸರು ಎದುರಾಯಿತು. ಅದು ಕೌಂಡಿನ್ಯ. ಗಿರಣಿಯವನ ಪಕ್ಕದಲ್ಲಿ ಕಮ್ಮಾರ, ಕಮ್ಮಾರನ ಪಕ್ಕದಲ್ಲಿ ಋಷಿ! ಇದು ಹೇಗೆಂದು ಕೇಳುವವರಿಗೆ ಉತ್ತರವು ಮಂಗಳೂರಿನಲ್ಲಿಯೇ ಇದೆ.

1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯೊಂದರಲ್ಲಿ ಆನಂದರಾವ್ ಎಂಬ ಬಾಲಕನು ಹುಟ್ಟಿದನು. ಮುಂದೆ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರ ಪರಿಚಯವಾಯಿತು. 1843ರಲ್ಲಿ “ಮಂಗಳೂರ ಸಮಾಚಾರ”ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ನಾಂದಿಹಾಡಿದವರು ಇವರೇ. 1844ರ ಜನವರಿಯಲ್ಲಿ ಆನಂದರಾಯರು ದೀಕ್ಷಾಸ್ನಾನ ಹೊಂದಿದಾಗ ತಮ್ಮ ಗುರುವಿನ ಹೆಸರನ್ನೇ ತೆಗೆದುಕೊಂಡರು. ಹೀಗೆ ಅವರು ಹೆರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿಕೊಂಡರು. ಈ ಮೂರು ಹೆಸರುಗಳನ್ನು ನೋಡಿರಿ: ಮೊದಲನೆಯದು ಗುರುವಿನದು, ಎರಡನೆಯದು ತಾಯಿತಂದೆಗಳು ಇಟ್ಟದ್ದು, ಮೂರನೆಯದು ಗೋತ್ರದ್ದು. ಹೊಸದನ್ನು ಹಿಡಿದರು, ಹಳೆಯದನ್ನು ಬಿಡಲಿಲ್ಲ.

ಅವರು 1846ರಲ್ಲಿ ಮೋಗ್ಲಿಂಗರ ಸಂಗಡ ಯುರೋಪಿಗೆ ಹೋಗಿ, ಬಾಸೆಲಿನ ಮಿಶನ್ ವಿದ್ಯಾಲಯದಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಮರಳಿದರು. ಮಂಗಳೂರಿನಲ್ಲಿ ಉಪದೇಶಿಗಳಾಗುವವರಿಗೆ ಕಲಿಸಿದರು, ಕೊಡಗಿನಲ್ಲಿಯೂ ದುಡಿದರು. ಅಲ್ಲಿಯ ಆನಂದಪುರ ಎಂಬ ಊರಿನ ಹೆಸರಿನಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ. 1860ರಲ್ಲಿ ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವಿವಾಹವಾದರು. ಆಲೋಚನೆ, ಬಲ ಎಂಬ ಅರ್ಥದ ಹೆಸರನ್ನು ಬಿಟ್ಟು ಆಕೆಯು ಋಷಿಯ ಹೆಸರನ್ನು ಧರಿಸಿದಳು. ಆ ಕಾಲದಲ್ಲಿ ಭಾರತೀಯನನ್ನು ವರಿಸುವದು ಜರ್ಮನ್ ಸ್ತ್ರೀಗೆ ಎಷ್ಟು ಧೈರ್ಯದ ಕೆಲಸವೆಂಬದನ್ನು ನಾವು ಹೇಳಬೇಕಾಗಿಲ್ಲ. 1893ರಲ್ಲಿ ಕೌಂಡಿನ್ಯರು ತೀರಿಕೊಂಡರು. ಹೆಸರು ಮಾತ್ರ ಕಡಲು ದಾಟಿ ಜರ್ಮನರ ಮನೆಗಳಲ್ಲಿ ನೆಲೆನಿಂತಿತು.

ಈ ಹೆಸರಿಗೆ ಪ್ರಯಾಣವು ಹೊಸದಲ್ಲ. ಸಾರನಾಥದಲ್ಲಿ ಬುದ್ಧನ ಮೊದಲನೆಯ ಉಪದೇಶವನ್ನು ಕೇಳಿದ ಐವರಲ್ಲಿ ಮೊದಲು ಅದನ್ನು ಗ್ರಹಿಸಿದವನು ಕೌಂಡಿನ್ಯನು. ಕಾಂಬೋಜ ದೇಶದ ಪುರಾತನ ಫುನಾನ್ ರಾಜ್ಯದ ಮೂಲಪುರುಷನೂ ಕೌಂಡಿನ್ಯನೆಂದು ಐತಿಹ್ಯವಿದೆ. ಹೀಗೆ ಪೂರ್ವಕ್ಕೆ ಹೋಗಿದ್ದ ಹೆಸರು ಪಶ್ಚಿಮಕ್ಕೂ ಹೋಯಿತು. 1936ರಲ್ಲಿ ಬರ್ಲಿನ್ ನಗರದ ಒಲಿಂಪಿಕ್ ಆಟಗಳಲ್ಲಿ ಜರ್ಮನಿಯ ಹ್ಯಾಂಡ್‌ಬಾಲ್ ತಂಡವು ಆಸ್ಟ್ರಿಯಾವನ್ನು 10–6ರಿಂದ ಸೋಲಿಸಿ ಸ್ವರ್ಣಪದಕವನ್ನು ಗೆದ್ದಿತು. ಆ ತಂಡವನ್ನು ತಯಾರು ಮಾಡಿದವರ ಹೆಸರು ಓಟ್ಟೋ ಕೌಂಡಿನ್ಯ. ರಕ್ತಶುದ್ಧಿಯ ಮಾತೇ ರಾಜ್ಯಶಾಸನವಾಗಿದ್ದ ಆ ದುರ್ದಿನಗಳಲ್ಲಿ, ಗೆದ್ದ ತಂಡದ ಗುರುವಿನ ಹೆಸರು ಭರತಖಂಡದ ಗೋತ್ರನಾಮವಾಗಿತ್ತೆಂಬದು ಆಲೋಚಿಸತಕ್ಕ ಸಂಗತಿಯು.

ಇನ್ನು ಈ ಹೆಸರು ಈಗ ಎಷ್ಟು ಹಬ್ಬಿದೆಯೆಂಬ ಪ್ರಶ್ನೆ. ಜರ್ಮನಿಯ ವಿದ್ವಾಂಸರು 2005ರ ದೂರವಾಣಿ ದಾಖಲೆಗಳನ್ನು ಆಧಾರವಾಗಿಟ್ಟುಕೊಂಡು ಮನೆತನದ ಹೆಸರುಗಳ ನಕ್ಷಾಪುಸ್ತಕವನ್ನು ರಚಿಸಿದ್ದಾರೆ. ಆ ದೇಶದಲ್ಲಿ 8 ಲಕ್ಷಕ್ಕೂ ಮಿಕ್ಕಿ ಬೇರೆ ಬೇರೆ ಹೆಸರುಗಳಿವೆ. ಮ್ಯುಲ್ಲರ್ ಎಂಬವರು ಲಕ್ಷಗಟ್ಟಲೆ ಜನರು; ಅವರು ಎಲ್ಲರಿಗಿಂತ ಹೆಚ್ಚು. ಕೌಂಡಿನ್ಯವು ಅತಿ ವಿರಳವಾದ ಹೆಸರುಗಳ ಗುಂಪಿಗೆ ಸೇರಿದ್ದು. ಇಲ್ಲಿಯಾದರೋ ಕೌಂಡಿನ್ಯ ಗೋತ್ರದವರು ಕರ್ನಾಟಕ ಆಂಧ್ರ ದೇಶಗಳಲ್ಲಿ ಎಷ್ಟೋ ಮಂದಿ. ಒಂದೇ ಹೆಸರು ಒಂದು ದೇಶದಲ್ಲಿ ಕಾಡಿನಷ್ಟು, ಇನ್ನೊಂದು ದೇಶದಲ್ಲಿ ಕುಂಡದಲ್ಲಿಟ್ಟ ಒಂದು ಗಿಡದಷ್ಟು.

ಕುಂಡದ ಗಿಡಕ್ಕೆ ಅಪಾಯವು ಹೆಚ್ಚು. ಇದರ ಕಾರಣವನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬವರು 1873ರಲ್ಲಿ ಶಿಕ್ಷಕರ ಪತ್ರಿಕೆಯೊಂದರಲ್ಲಿ ಗಣಿತದ ಸಮಸ್ಯೆಯನ್ನಾಗಿ ಕೇಳಿದರು. ಹೆನ್ರಿ ವಾಟ್ಸನ್ ಎಂಬ ಪಾದ್ರಿಯವರು ಅದನ್ನು ಲೆಕ್ಕಹಾಕಿದರು. ಅದರ ಸಾರವನ್ನು ನಮ್ಮ ಹುಡುಗಿಯರೂ ತಿಳಿಯಬಲ್ಲರು. ಹೆಸರು ಗಂಡುಮಕ್ಕಳಿಂದ ಮಾತ್ರ ಮುಂದುವರಿಯುವದಾದರೆ, ಎರಡು ಮಕ್ಕಳುಳ್ಳ ಮನೆಯಲ್ಲಿ ಎರಡೂ ಹೆಣ್ಣಾಗುವ ಸಂಭವವು ನಾಲ್ಕರಲ್ಲಿ ಒಂದು. ಲಕ್ಷ ಮನೆಗಳುಳ್ಳ ಮ್ಯುಲ್ಲರರಿಗೆ ಇದರಿಂದ ಏನೂ ಆಗದು. ಒಂದೇ ಮನೆಯುಳ್ಳ ಹೆಸರು ಇದರಿಂದಲೇ ಅಳಿದುಹೋಗುವದು. ರೋಗವಿಲ್ಲ, ಯುದ್ಧವಿಲ್ಲ, ಬಡತನವಿಲ್ಲ. ಮನೆತುಂಬ ಮಕ್ಕಳಿದ್ದಾರೆ, ಆರೋಗ್ಯವಾಗಿದ್ದಾರೆ. ಆದರೂ ಹೆಸರು ತೀರಿತೆಂದು ಲೆಕ್ಕವು ಹೇಳುತ್ತದೆ.

ಈ ಲೆಕ್ಕವನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ನಮ್ಮ ತಂದೆಯವರಿಗೆ ನಾವೂ ನಮ್ಮ ಇಬ್ಬರು ತಂಗಿಯರೂ ಅಲ್ಲದೆ ಬೇರೆ ಮಕ್ಕಳಿರಲಿಲ್ಲ. ಅವರು ತೀರಿಕೊಂಡ ದಿವಸ ಬಂಧುಗಳಲ್ಲಿ ಹಿರಿಯರೊಬ್ಬರು ನಮ್ಮೆದುರಿಗೇ ನಿಟ್ಟುಸಿರುಬಿಟ್ಟು, “ಈ ಮನೆಯ ಹೆಸರು ಇಲ್ಲಿಗೆ ಮುಗಿಯಿತು” ಎಂದರು. ಅವರ ಮಾತಿನಲ್ಲಿ ಕೇಡಿರಲಿಲ್ಲ, ದುಃಖವೇ ಇತ್ತು. ಆದರೂ ತಂದೆಯ ಕಾಲುಗಳ ಬಳಿ ಕುಳಿತಿದ್ದ ನಾವು ಮೂವರು ಆ ಗಳಿಗೆಯಲ್ಲಿ ಲೆಕ್ಕಕ್ಕೆ ಬಾರದವರಾದೆವು. ತಂದೆಯವರು ನಮ್ಮನ್ನು ಓದಿಸಿದಾಗ ಹಾಗೆ ಲೆಕ್ಕಮಾಡಿರಲಿಲ್ಲ.

ಹೆಸರಿನ ಈ ನಿಯಮವು ಪ್ರಕೃತಿಯದಲ್ಲ, ಮನುಷ್ಯರದು; ಆದಕಾರಣವೇ ಅದು ಬದಲಾಗಬಲ್ಲದು. ಜರ್ಮನಿಯಲ್ಲಿ 1900ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಹೆಂಡತಿಯು ಗಂಡನ ಹೆಸರನ್ನೇ ಧರಿಸಬೇಕಾಗಿತ್ತು. 1976ರಲ್ಲಿ, ಇಬ್ಬರಲ್ಲಿ ಯಾರ ಹೆಸರನ್ನಾದರೂ ಮನೆಯ ಹೆಸರಾಗಿ ಆರಿಸಿಕೊಳ್ಳಬಹುದೆಂದಾಯಿತು. ಆರಿಸದೆ ಇದ್ದರೆ ಮಾತ್ರ ಗಂಡನ ಹೆಸರೇ ನಿಲ್ಲುತ್ತಿತ್ತು. ಅದೂ ಸಮಾನತೆಗೆ ವಿರುದ್ಧವೆಂದು ಅಲ್ಲಿಯ ಉಚ್ಚ ಸಂವಿಧಾನ ನ್ಯಾಯಾಲಯವು 1991ರಲ್ಲಿ ತೀರ್ಪು ಕೊಟ್ಟಿತು. 1994ರಿಂದ ಇಬ್ಬರೂ ತಮ್ಮ ತಮ್ಮ ಹೆಸರುಗಳನ್ನು ಉಳಿಸಿಕೊಳ್ಳಬಹುದಾಯಿತು. 2025ರ ಮೇ ತಿಂಗಳಿಂದ ಇಬ್ಬರೂ ಎರಡು ಹೆಸರುಗಳನ್ನು ಜೋಡಿಸಿ ಧರಿಸಬಹುದಾಗಿದೆ. ವಿರಳವಾದ ಹೆಸರುಗಳು ಇನ್ನು ಮುಂದೆ ಹೆಣ್ಣುಮಕ್ಕಳಿಂದಲೂ ಬದುಕಬಲ್ಲವು.

ಗಂಡನ ಹೆಸರನ್ನು ಧರಿಸುವದು ತಪ್ಪೆಂದು ನಾವು ಹೇಳುವದಿಲ್ಲ. ಪ್ರೀತಿಯಿಂದ ಧರಿಸಿದ ಹೆಸರು ಆಭರಣವೇ ಸರಿ. ಆದರೆ ಹೊಸದನ್ನು ತೊಡುವಾಗ ಹಳೆಯದನ್ನು ಹೊಳೆಗೆ ಎಸೆಯಬೇಕಾಗಿಲ್ಲ. ಕೌಂಡಿನ್ಯರು ಮತವನ್ನು ಬದಲಿಸಿದಾಗಲೂ ತಾಯಿತಂದೆಗಳು ಇಟ್ಟ ಹೆಸರನ್ನು ನಡುವೆ ಉಳಿಸಿಕೊಂಡರಷ್ಟೆ. ಅವರಿಗೆ ಹಿಂದೂ ಪದ್ಧತಿಯಂತೆ ಮೊದಲೇ ಮದುವೆಯಾಗಿತ್ತು. ಆ ಮೊದಲನೆಯ ಮಡದಿಯು ಅವರ ಹಿಂದೆ ಬರಲಿಲ್ಲ. ಗಂಡನ ಹೆಸರು ಎರಡು ಖಂಡಗಳಲ್ಲಿ ನಿಂತಿತು, ಒಂದು ಊರಿಗೂ ಆಯಿತು. ಆಕೆಯ ಹೆಸರನ್ನು ನೆನಸುವವರು ವಿರಳ. ಆಕೆಯನ್ನು ಕುರಿತು ಆಲೋಚಿಸುವಾಗೆಲ್ಲಾ ನಮ್ಮ ಪುಸ್ತಕದ ಕೆಂಪು ಮಸಿಯು ನಮ್ಮ ಕಣ್ಣೆದುರಿಗೆ ಬರುತ್ತದೆ.

ಆದಕಾರಣ ಈ ಸಂಚಿಕೆಯ ಪಟ್ಟಿಯನ್ನು ನಾವು ಹೊಸದಾಗಿ ಬರೆಯಿಸಿದ್ದೇವೆ. ಪ್ರತಿಯೊಬ್ಬ ವಿದ್ಯಾರ್ಥಿನಿಯ ಹೆಸರನ್ನು ಆಕೆ ಶಾಲೆಗೆ ಬಂದ ದಿನ ಇದ್ದಂತೆಯೇ ಮೊದಲು ಅಚ್ಚುಮಾಡಿ, ಮುಂದೆ ಆಕೆ ಧರಿಸಿದ ಹೆಸರನ್ನು ಅದರ ಪಕ್ಕದಲ್ಲಿ ಕೊಟ್ಟಿದೆ. ಅನೇಕ ಸಾಲುಗಳಲ್ಲಿ ಎರಡನೆಯ ಸ್ಥಳವು ಇನ್ನೂ ಬರಿದಾಗಿದೆ. “ಪತ್ತೆಯಿಲ್ಲ” ಎಂಬ ಮಾತನ್ನು ಎಲ್ಲಿಯೂ ಬರೆದಿಲ್ಲ. ನಿಮ್ಮನ್ನಾಗಲಿ, ನಿಮ್ಮ ತಾಯಿ ಅಜ್ಜಿಯರನ್ನಾಗಲಿ, ನಿಮ್ಮ ಸಂಗಡ ಒಂದೇ ಮಣೆಯಲ್ಲಿ ಕುಳಿತ ಗೆಳತಿಯರನ್ನಾಗಲಿ ಅಲ್ಲಿ ಕಂಡರೆ, ದಯಮಾಡಿ ಎರಡೂ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು ಪಾಠಶಾಲೆಗೆ ಕಳುಹಿಸಿರಿ. ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ: ಹೆಣ್ಣುಮಗಳಿಂದ ಮನೆಯ ಹೆಸರು ಮುಗಿಯಿತೆಂಬ ಮಾತನ್ನು ಆಕೆಯ ಕಿವಿಗೆ ಬೀಳುವಂತೆ ಆಡಬೇಡಿರಿ.

ಆ ನರೆಗೂದಲಿನ ತಾಯಿಯವರು ಹೊರಡುವ ಮುನ್ನ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ತಮ್ಮ ತವರಿನ ಹೆಸರಿನ ಮೇಲೆ ಬೆರಳಿಟ್ಟು, ಮೊಮ್ಮಗನಿಗೆ ಅಕ್ಷರ ಕೂಡಿಸಿ ಓದಿಸಿದರು. ಅವನು ಆ ಹೆಸರನ್ನು ಅದೇ ಮೊದಲು ಕೇಳಿದವನಾಗಿದ್ದನು. ಎರಡು ಸಲ ಗಟ್ಟಿಯಾಗಿ ಓದಿ, “ಇದು ನನಗೂ ಆಗುತ್ತದೆಯೋ, ಅಜ್ಜೀ?” ಎಂದು ಕೇಳಿದನು. “ಆಗುತ್ತದಪ್ಪಾ” ಎಂದರು.

ಇಂತು ನಿಮ್ಮ ಹಿತಚಿಂತಕರು,
ಮುಖ್ಯೋಪಾಧ್ಯಾಯಿನಿ