ಪೆಟ್ರೋಲ್ ಮುಳ್ಳಿನ ಸುಳ್ಳು

ಹಳೆಯ ಕಾರಿನ ಪೆಟ್ರೋಲ್ ಮುಳ್ಳು ಎರಡು ಬಗೆಯ ಸುಳ್ಳು ಹೇಳುತ್ತದೆ. ಇದ್ದರೂ ಇಲ್ಲವೆನ್ನುವುದು ಒಂದು, ಇಲ್ಲದಿದ್ದರೂ ಇದೆಯೆನ್ನುವುದು ಇನ್ನೊಂದು. ಮೊದಲನೆಯದರಿಂದ ಅಂಥ ನಷ್ಟವೇನಿಲ್ಲ. ಎರಡನೆಯದನ್ನು ನಂಬಿ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟವರು ಬಿ.ಎಚ್. ರಸ್ತೆಯ ಸುಮಾರು 20 ಕಿ.ಮೀ. ದಾರಿಯಲ್ಲೇ ಇಳಿದು ಕಾರು ತಳ್ಳಬೇಕಾದೀತು.

ಮುಳ್ಳಿಗೆ ಸುದ್ದಿ ಮುಟ್ಟಿಸುವುದು ಟ್ಯಾಂಕ್ ಯೂನಿಟ್. ಅದರ ಕಡ್ಡಿಯ ತುದಿಯ ಫ್ಲೋಟ್ ಪೆಟ್ರೋಲಿನೊಂದಿಗೆ ಏರಿಳಿಯುತ್ತದೆ. ಕಡ್ಡಿಯ ಬುಡ ಒಂದು ತಂತಿಸುರುಳಿಯನ್ನು ಸವರುತ್ತ ವಿದ್ಯುತ್ತಿನ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಡ್ಯಾಶ್‌ಬೋರ್ಡಿನಿಂದ ಬರುವುದು ಒಂದೇ ವೈರ್. ಕರೆಂಟು ಹಿಂತಿರುಗುವುದು ಕಾರಿನ ಬಾಡಿಯ ಮೂಲಕ, ಅಂದರೆ ಅರ್ತ್‌ನಿಂದ. ಅಂಬಾಸಿಡರ್‌ನಂಥ ಕಾರುಗಳ ಮೀಟರಿನೊಳಗೆ ಎರಡು ಲೋಹ ಬೆಸೆದ ಪಟ್ಟಿ ಬಿಸಿಯಾಗಿ ಬಾಗಿದರೆ ಮಾತ್ರ ಮುಳ್ಳು ಅಲುಗುತ್ತದೆ. ಕೀ ತಿರುಗಿಸಿದ ಮೇಲೆ ಅದು ಸಾವಕಾಶ ಏಳುವುದು ದೋಷವಲ್ಲ, ಅದರ ಜಾಯಮಾನ.

ಉಷ್ಣತೆಯ ಮೀಟರೂ ಜೊತೆಯಲ್ಲೇ ಕೆಟ್ಟಿದ್ದರೆ ಫ್ಯೂಸ್ ಅಥವಾ ವೋಲ್ಟೇಜ್ ಸ್ಟೆಬಿಲೈಜರ್ ನೋಡಬೇಕು. ಪೆಟ್ರೋಲ್ ಮುಳ್ಳೊಂದೇ ತಪ್ಪಿದ್ದರೆ ಟ್ಯಾಂಕ್ ಯೂನಿಟ್‌ನ ವೈರ್ ಕಳಚಿ, ಕೀ ಆನ್ ಮಾಡಿ, ವೈರಿನ ತುದಿಯನ್ನು ಬಾಡಿಗೆ ಕ್ಷಣಕಾಲ ತಾಗಿಸುವುದು ಹಳೆಯ ಪರೀಕ್ಷೆ. ಟ್ಯಾಂಕಿನ ಬಾಯಿಯ ಹತ್ತಿರ, ಪೆಟ್ರೋಲ್ ವಾಸನೆ ಇರುವಲ್ಲಿ ಇದು ಸಲ್ಲದು. ಒಂದು ಕಿಡಿ ಸಾಕು. ಬಹಳಷ್ಟು ಹಳೆಯ ಕಾರುಗಳಲ್ಲಿ ವೈರ್ ತಾಗಿಸಿದರೆ ಮುಳ್ಳು ‘ಫುಲ್’ ಕಡೆಗೂ ತೆಗೆದರೆ ‘ಎಂಪ್ಟಿ’ ಕಡೆಗೂ ಹೋಗುತ್ತದೆ. ಕೆಲವದರಲ್ಲಿ ಇದು ತಿರುಗುಮುರುಗು. ಹೇಗಿದ್ದರೂ ಮುಳ್ಳು ಆಚೀಚೆ ಓಡಿದರೆ ಮೀಟರೂ ವೈರೂ ಸರಿಯಿವೆ, ತಪ್ಪು ಟ್ಯಾಂಕಿನ ಕಡೆಯದು. ಕದಲದಿದ್ದರೆ ವೈರ್ ತುಂಡಾಗಿರಬೇಕು, ಇಲ್ಲವೇ ಮೀಟರ್ ಸತ್ತಿರಬೇಕು. ಕಳಚಿದ ಮೇಲೂ ‘ಫುಲ್’ ಬಿಟ್ಟು ಇಳಿಯದಿದ್ದರೆ ಸಿಪ್ಪೆ ಸವೆದ ವೈರ್ ದಾರಿಯಲ್ಲೆಲ್ಲೋ ಬಾಡಿಗೆ ತಾಗಿದೆ. ತಳ್ಳಿಸುವ ಸುಳ್ಳಿನ ಮೂಲ ಬಹುಪಾಲು ಇಲ್ಲಿಯೇ, ಅಥವಾ ಮೇಲೆ ಸಿಕ್ಕಿಕೊಂಡ ಕಡ್ಡಿಯಲ್ಲಿ.

‘ಇಲ್ಲ’ವೆನ್ನುವ ಸುಳ್ಳಿಗೆ ಮೊದಲು ಶಂಕಿಸಬೇಕಾದದ್ದು ಅರ್ತ್. ಹೊಸ ಮೀಟರ್ ಕೊಂಡು ತಂದ ಮೇಲೆ ಇದು ನೆನಪಾಗುವುದೇ ಹೆಚ್ಚು. ತೀರ್ಥಹಳ್ಳಿ, ಹೊಸನಗರದ ಮಳೆಯಲ್ಲಿ ಓಡಿದ ಕಾರಿನ ಅಡಿಯಲ್ಲಿ ಕೆಸರು ಮೆತ್ತಿ ಸ್ಕ್ರೂಗಳಿಗೆ ತುಕ್ಕು ಹಿಡಿದಿರುತ್ತದೆ. 1923ರಲ್ಲೇ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯವರಿಗೆ ತುಕ್ಕಿನ ಗುಣ ಹೇಳಿಕೊಡಬೇಕಾಗಿಲ್ಲ. ತುಕ್ಕು ಕರೆಂಟನ್ನು ತಡೆಯುತ್ತದೆ, ಮುಳ್ಳು ಕೆಳಗೇ ಕೂರುತ್ತದೆ. ಮರಳು ಕಾಗದದಿಂದ ಉಜ್ಜಿ ಸ್ಕ್ರೂ ಬಿಗಿದರೆ ಎಷ್ಟೋ ಸಲ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಅದಕ್ಕೂ ಬಗ್ಗದಿದ್ದರೆ ಟ್ಯಾಂಕ್ ಯೂನಿಟ್ ಬಿಚ್ಚಬೇಕು. ಹಿತ್ತಾಳೆಯ ಫ್ಲೋಟ್ ತೂತು ಬಿದ್ದಿದ್ದರೆ ಒಳಗೆ ಪೆಟ್ರೋಲ್ ತುಂಬಿ ಮುಳುಗಿರುತ್ತದೆ. ಕಿವಿಯ ಬಳಿ ಅಲ್ಲಾಡಿಸಿದರೆ ಕುಲುಕುವ ಸದ್ದು ಕೇಳಿಸುತ್ತದೆ. ತಂತಿಸುರುಳಿ ಸವೆದಿದ್ದರೆ ಮುಳ್ಳು ಒಂದೇ ಜಾಗದಲ್ಲಿ ಪದೇಪದೇ ತಪ್ಪುತ್ತದೆ. ಅಂಥ ಯೂನಿಟ್ ಬದಲಿಸುವುದೇ ಲೇಸು. ಮತ್ತೆ ಕೂರಿಸುವಾಗ ಹಳೆಯ ವಾಷರ್ ಹಾಕಬಾರದು, ಪೆಟ್ರೋಲ್ ಜಿನುಗುತ್ತದೆ.

ರಿಪೇರಿಯಾದ ಮೇಲೆ ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಹಾಕುತ್ತ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆಂದು ಬರೆದಿಟ್ಟುಕೊಳ್ಳಬೇಕು. ಮಾರುತಿ 800ರ ಟ್ಯಾಂಕ್ ಸುಮಾರು 28 ಲೀಟರಿನದು. ಆರು ಸಾಲಿನಲ್ಲಿ ಲೆಕ್ಕ ಮುಗಿಯುತ್ತದೆ.