ಹಿಂದಿನ ಚಕ್ರದ ಗಾಳಿ

ಭಾನುವಾರ ಬೆಳ್ಳಂಬೆಳಿಗ್ಗೆ ಲಗ್ಗೆರೆಯ ನಮ್ಮ ಮನೆಯ ಬಾಗಿಲು ತಟ್ಟಿದವರು ಪೀಣ್ಯದಲ್ಲಿ ಲೇತ್ ನಡೆಸುವ ಪರಿಚಯಸ್ಥರು. ಮಗ ನನ್ನ ಹಳೆಯ ವಿದ್ಯಾರ್ಥಿ. ಕೈಯಲ್ಲೊಂದು ಸೀಳಿದ ಟ್ಯೂಬು.

"ಮೇಷ್ಟ್ರೇ, ಮಣ್ಣಿನ ರೇಸಲ್ಲಿ ಬಿದ್ದು ಭುಜದ ಮೂಳೆ ಮುರ್ಕೊಂಡಿದಾನೆ. ಗಾಳಿ ಕಮ್ಮಿ ಮಾಡು ಅಂತ ನೀವೇ ಹೇಳಿದ್ರಂತೆ?"

ಹೇಳಿದ್ದೆ. ಹಿಂದಿನ ಚಕ್ರ ಒಣಮಣ್ಣಿನಲ್ಲಿ ಸುಮ್ಮನೆ ತಿರುಗುತ್ತದೆ, ಟೈರಿನ ಬಟನ್‌ಗಳು ಬೇಗ ಸವೆಯುತ್ತವೆ ಎಂದು ಹುಡುಗ ಕೇಳಲು ಬಂದಿದ್ದ. ಎಂಜಿನ್ನಿನ ಬಲವೆಲ್ಲ ಚೈನಿನ ಮೂಲಕ ಹಿಂದಿನ ಚಕ್ರಕ್ಕೇ ಹೋಗುತ್ತದೆ. ವೇಗ ಏರಿಸಿದಾಗ ಭಾರವೂ ಹಿಂದಕ್ಕೇ ವಾಲುತ್ತದೆ. ಗಾಳಿ ಇಳಿಸಿದರೆ ಟೈರು ಅಗಲವಾಗಿ ನೆಲಕ್ಕೆ ತಾಗಿ ಹಿಡಿತ ಸಿಗುತ್ತದೆ ಎಂದೆ. "ಘರ್ಷಣೆಗೂ ವಿಸ್ತೀರ್ಣಕ್ಕೂ ಸಂಬಂಧ ಇಲ್ಲ ಅಂತ ನೀವೇ ನೋಟ್ಸ್ ಕೊಟ್ಟಿದ್ರಲ್ಲ ಸಾರ್" ಅಂದ. ಆ ನಿಯಮ ಗಟ್ಟಿ ಮೇಲ್ಮೈಗೆ ಕಣೋ, ಮಣ್ಣಿನಲ್ಲಿ ಬಟನ್ ಹೂತು ಕಚ್ಚಿಕೊಳ್ಳುತ್ತದೆ ಎಂದು ಬಾಯಿ ಮುಚ್ಚಿಸಿದ್ದೆ. ಎಷ್ಟು ಇಳಿಸಬೇಕೆಂದು ಮಾತ್ರ ಹೇಳಲಿಲ್ಲ. ನನಗೆ ಗೊತ್ತಿರಲೂ ಇಲ್ಲ. ಅವನು 6 ಪೌಂಡಿಗೆ ಇಳಿಸಿದ್ದ.

ಟ್ಯೂಬನ್ನು ರಿಂಗ್ ರಸ್ತೆಯ ಪಂಕ್ಚರ್ ಅಂಗಡಿಗೆ ಒಯ್ದೆವು. ಅಂಗಡಿಯವರು ಪಕ್ಕಪಕ್ಕದ ಎರಡು ಸೀಳು ತೋರಿಸಿದರು, ಹಾವು ಕಚ್ಚಿದ ಗುರುತಿನಂತೆ. "ಮೊಳೆ ಆದ್ರೆ ಒಂದೇ ತೂತು ಸಾರ್. ಇದು ರಿಮ್ ಕಚ್ಚಿರೋದು." ಕಲ್ಲಿಗೆ ಬಡಿದಾಗ ಗಾಳಿ ಸಾಲದ ಟೈರು ರಿಮ್ಮಿನವರೆಗೆ ಅಪ್ಪಚ್ಚಿಯಾಗಿ, ನಡುವೆ ಸಿಕ್ಕ ಟ್ಯೂಬು ಎರಡು ಕಡೆ ಕತ್ತರಿಸಿತ್ತು. ವಾಲ್ವಿನ ಬುಡವೂ ಹರಿದಿತ್ತು. ರಿಮ್ ತಿರುಗಿದಷ್ಟು ಟೈರು ತಿರುಗದೆ ಜರುಗಿ, ಟ್ಯೂಬನ್ನೂ ಎಳೆದಿತ್ತು.

ಆಮೇಲೆ ನಾನು ವಿದ್ಯಾರ್ಥಿಯಾದೆ. ಇಂಥ ಬೈಕುಗಳಿಗೆ ಸಾಮಾನ್ಯವಾಗಿ 12ರಿಂದ 15 ಪೌಂಡ್ ಗಾಳಿ. ಅಳೆಯುವುದು ಟೈರು ತಣ್ಣಗಿರುವಾಗ. ಓಡಿ ಬಿಸಿಯಾದರೆ ಒತ್ತಡ ಏರಿ ಲೆಕ್ಕ ತಪ್ಪುತ್ತದೆ. ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಬೇಕು. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಕ್ಕೆ ಬಿಟ್ಟರೆ, ಟೈರು ಜರುಗಿದಾಗ ವಾಲ್ವ್ ವಾಲಿ ಮೊದಲೇ ಸುಳಿವು ಕೊಡುತ್ತದೆ. ಬಟನ್ನಿನ ಅಂಚು ಒಂದು ಕಡೆ ಸವೆದಿದ್ದರೆ, ದಿಕ್ಕಿನ ಬಾಣದ ಗುರುತಿಲ್ಲದ ಟೈರನ್ನು ತಿರುಗಿಸಿ ಹಾಕಿದರಾಯಿತು, ಚೂಪಾದ ಇನ್ನೊಂದು ಅಂಚು ಕೆಲಸಕ್ಕೆ ಬರುತ್ತದೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೆಯವರಾಗಿ ಮುಗಿಸಿದರಲ್ಲ, ಆ ಡಾಕರ್ ರ‍್ಯಾಲಿಯಂಥ ಕಡೆ ಟ್ಯೂಬಿನ ಬದಲು ನೊರೆಯಂಥ ರಬ್ಬರಿನ ಬಳೆಯನ್ನೇ ತುಂಬುತ್ತಾರೆ. ಗಾಳಿಯೇ ಇಲ್ಲದ ಮೇಲೆ ಪಂಕ್ಚರ್ ಎಲ್ಲಿಂದ! ಅದರ ಬೆಲೆ ಮಾತ್ರ ನಮ್ಮಂಥವರಿಗಲ್ಲ.

ಮೂಳೆ ಕೂಡಿದ ಮೇಲೆ ಹುಡುಗ ಮತ್ತೆ ಹೊರಟ. ತಡೆಯಲಾಗದ ಅಪ್ಪ ಗಾಳಿ ಅಳೆಯುವ ಗೇಜು ಕೊಂಡು ಜೊತೆಗೇ ಹೋಗುತ್ತಾರೆ. ಅವರು ಅಳೆಯುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಹುಡುಗನ ತಾಯಿ ಇನ್ನೂ ನನ್ನೊಡನೆ ಮಾತು ಬಿಟ್ಟೇ ಇದ್ದಾರೆ.